ಮನೆವಾರ್ತೆ: ಬಿರಿದ ಬಿಂದಿಗೆಯ ವಿಚಾರ

ಪಾತ್ರೆ ಪದಾರ್ಥಗಳ ವಿಚಾರ ಹೆಂಗಸರದೆಂದು ಗಂಡಸರೂ, ಲೋಹದ ವಿಚಾರ ಕಂಚುಗಾರನದೆಂದು ಹೆಂಗಸರೂ ಬಿಟ್ಟುಬಿಡುವುದು ನಮ್ಮ ಮನೆಗಳಲ್ಲಿ ವಾಡಿಕೆ. ಹಾಗೆ ಬಿಟ್ಟುದರಿಂದ ಒಂದು ಮನೆಯಲ್ಲಿ ನಿರಪರಾಧಿಯಾದ ಹುಡುಗಿಯೊಬ್ಬಳು ಸುಳ್ಳುಗಾರ್ತಿಯೆನಿಸಿಕೊಂಡಳು. ಆ ಮನೆ ನಮ್ಮ ಬಂಧುಗಳದು. ಆ ಅನರ್ಥಕ್ಕೆ ಮೂಲವಾದ ಬಿಂದಿಗೆಯನ್ನು ಕೊಂಡು ತಂದವರು ನಾವೇ. ಆದುದರಿಂದ ಈ ತಿಂಗಳ ಬರಹವನ್ನು ವಾಚಕ ಮಹಾಶಯರು ಅರ್ಧ ಲೋಹಶಾಸ್ತ್ರವೆಂದೂ ಅರ್ಧ ಪ್ರಾಯಶ್ಚಿತ್ತವೆಂದೂ ಓದಿಕೊಳ್ಳಬಹುದು.

ನಮ್ಮ ತಂಗಿಯ ಮಗಳನ್ನು ಕಳೆದ ವರ್ಷ ವೈಶಾಖದಲ್ಲಿ ಅರಕಲಗೂಡಿನ ಕಡೆಯ ಒಂದು ಮನೆತನಕ್ಕೆ ಕೊಟ್ಟೆವು. ಹೊಲ ಗದ್ದೆ, ಹಸು ಕರು ಉಳ್ಳ ತುಂಬಿದ ಮನೆ. ಸೋದರಮಾವನ ಉಡುಗೊರೆಯಾಗಿ ಒಂದು ಹಿತ್ತಾಳೆಯ ಬಿಂದಿಗೆ ಕೊಡೋಣವೆಂದು ನಾವು ಹೊಳೆನರಸೀಪುರದಿಂದ ಹಾಸನಕ್ಕೆ ಹೋದೆವು. ಅಂಗಡಿಯಲ್ಲಿ ಎರಡು ತರದ ಬಿಂದಿಗೆಗಳಿದ್ದುವು. ಒಂದು ದಪ್ಪನಾಗಿ, ಭಾರವಾಗಿ, ಕೊಂಚ ಮಂಕಾಗಿ ಇದ್ದಿತು. ಇನ್ನೊಂದು ತೆಳುವಾಗಿ, ಹಗುರವಾಗಿ, ಮುಖ ಕಾಣುವಷ್ಟು ಹೊಳೆಯುತ್ತಿದ್ದಿತು. ನಾವು ಹೊಳಪಿಗೆ ಮನಸೋತೆವು. ಅಂಗಡಿಯವನು ನಮ್ಮನ್ನು ವಂಚಿಸಲಿಲ್ಲ, ಕೇಳಿದ್ದನ್ನು ಕೊಟ್ಟನು.

ಮದುವೆಯ ತರುವಾಯ ಬಿಂದಿಗೆ ಅಟ್ಟವನ್ನೇರಿತು. ಆ ಅಟ್ಟದ ಒಂದು ಕೊನೆ ದನದ ಕೊಟ್ಟಿಗೆಯ ಮೇಲೆಯೇ ಇರುವುದು. ಆಷಾಢದಲ್ಲಿ ಹುಡುಗಿ ತೌರಿಗೆ ಬಂದಳು. ಶ್ರಾವಣದಲ್ಲಿ ಹಿಂದಿರುಗಿ, ವರಮಹಾಲಕ್ಷ್ಮಿಯ ಹಿಂದಿನ ದಿನ ಮಡಿನೀರು ಹಿಡಿಯುವುದಕ್ಕೆಂದು ಬಿಂದಿಗೆಯನ್ನು ಇಳಿಸಿದಳು. ಕಂಠದಿಂದ ಹೊಟ್ಟೆಯವರೆಗೆ ಗೇಣುದ್ದ ಬಿರುಕು! ವ್ರತದ ಮುನ್ನಾದಿನ, ಹೊಸ ಸೊಸೆಯ ಕೈಯಲ್ಲಿ, ತೌರಿನವರು ಕೊಟ್ಟ ಬಿಂದಿಗೆ ಬಿರಿದು ಕಾಣಿಸಿತೆಂದರೆ ಹೇಳಬೇಕೆ? ಅಪಶಕುನವೆಂದರು. “ಇಳಿಸುವಾಗ ಕೈಜಾರಿ ಬೀಳಿಸಿದ್ದಾಳೆ, ಒಪ್ಪಿಕೊಳ್ಳುವುದಿಲ್ಲ” ಎಂದರು. ಬಿಂದಿಗೆ ಹೋದುದಕ್ಕಿಂತ ಈ ಎರಡನೆಯ ಮಾತು ಹುಡುಗಿಯನ್ನು ಹೆಚ್ಚಾಗಿ ನೋಯಿಸಿತು. “ಮಾವ, ನಾನು ಮುಟ್ಟುವುದಕ್ಕೆ ಮೊದಲೇ ಅದು ಬಿರಿದಿತ್ತು” ಎಂದು ಫೋನಿನಲ್ಲಿ ಅತ್ತಳು.

ನಾವು ಅರಕಲಗೂಡಿಗೆ ಹೋದೆವು. ತರ್ಕಶಾಸ್ತ್ರದಲ್ಲಿ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದನ್ನು ಕಲಿತವರಿಗೆ ಬಿಂದಿಗೆಯನ್ನು ತಿರುಗಿಸಿ ನೋಡುವಷ್ಟು ಅಭ್ಯಾಸವಾದರೂ ಇರಬೇಕಷ್ಟೆ. ನೋಡಿದೆವು. ಬಿರುಕಿತ್ತು, ನಗ್ಗಿರಲಿಲ್ಲ. ಹಿತ್ತಾಳೆ ಮಣ್ಣಿನ ಮಡಕೆಯಲ್ಲ. ಬಿದ್ದರೆ ಅದು ಮೊದಲು ನಗ್ಗುವುದು. ಎಲ್ಲಿಯೂ ನಗ್ಗದೆ, ಗೀರಿಲ್ಲದೆ, ನೂಲು ಹಿಡಿದಂತೆ ಬಿರಿದಿರಬೇಕಾದರೆ ಪೆಟ್ಟು ಹೊರಗಿನದಲ್ಲ, ಒಳಗಿನದೆಂದು ನಮಗೆ ತೋರಿತು. ಹಾಗೆಂದು ಬೀಗಿತ್ತಿಯವರಿಗೆ ಹೇಳಿದೆವು. ಅವರು ಸುಮ್ಮನೆ ಕೇಳಿ, “ಮೇಷ್ಟ್ರೇ, ನಮ್ಮತ್ತೆಯವರ ಕಾಲದ ಹಿತ್ತಾಳೆ ಬಿಂದಿಗೆ ಅದೇ ಅಟ್ಟದಲ್ಲಿ ನಲವತ್ತು ವರ್ಷದಿಂದ ಇದೆ. ಅದೇ ಮಳೆ, ಅದೇ ಕೊಟ್ಟಿಗೆ. ಅದೇಕೆ ಬಿರಿಯಲಿಲ್ಲ?” ಎಂದರು.

ಪ್ರಶ್ನೆ ನ್ಯಾಯವಾದುದು. ನಮ್ಮಲ್ಲಿ ಉತ್ತರವಿರಲಿಲ್ಲ. ಬಿರಿದ ಬಿಂದಿಗೆಯನ್ನೂ, ಹಳೆಯ ಬಿಂದಿಗೆಯ ಬಾಯಿಯಿಂದ ಎಂದೋ ಮುರಿದು ಅವರ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಚೂರನ್ನೂ ಬೇಡಿ ತೆಗೆದುಕೊಂಡು ಹಾಸನಕ್ಕೆ ಬಂದೆವು. ಅಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಲೋಹಶಾಸ್ತ್ರದ ಉಪಾಧ್ಯಾಯರಾಗಿರುವರು. ಚನ್ನರಾಯಪಟ್ಟಣದ ಶಾಲೆಯಲ್ಲಿ ನಮ್ಮಿಂದ ಶಬ್ದರೂಪಗಳನ್ನು ಕಲಿತ ಹುಡುಗನಿಂದ ಆ ದಿನ ನಾವು ಹಿತ್ತಾಳೆಯ ರೂಪಗಳನ್ನು ಕಲಿತೆವು.

ಲೋಹವೆಂದರೆ ಒಂದೇ ಸಮನಾದ ಗಟ್ಟಿ ವಸ್ತುವೆಂದು ನಾವು ತಿಳಿದಿದ್ದೆವು. ಅದು ಹಾಗಲ್ಲ. ಕಲ್ಲುಸಕ್ಕರೆಯಂತೆ ಲೋಹವೂ ಹರಳುಗಳ ಸಮೂಹ. ಆದರೆ ಹರಳುಗಳು ಬಹು ಸಣ್ಣವು, ಒಂದಕ್ಕೊಂದು ಸಂದಿಲ್ಲದೆ ಅಂಟಿಕೊಂಡಿರುವುವು. ಹಳೆಯ ಮನೆಗಳ ಬಾಗಿಲಿನ ಎರಕದ ಹಿತ್ತಾಳೆಯ ಹಿಡಿಯನ್ನು ವಾಚಕರು ಬೆಳಕಿಗೆ ಹಿಡಿದು ನೋಡಲಿ. ಹಲವು ವರ್ಷ ಕೈಯ ಬೆವರು ತಗಲಿ ತಗಲಿ ಕೆಲವು ಹಿಡಿಗಳ ಮೇಲೆ ಈ ಹರಳುಗಳ ಎಲ್ಲೆಗಳು ಬರಿಗಣ್ಣಿಗೇ ಕಾಣಿಸುವುದುಂಟು. ಲೋಹವನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಕೊಂಚ ಕೊರೆಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ಷೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಎಂಬವರು ತೋರಿಸಿಕೊಟ್ಟರು. ನಮ್ಮ ಶಿಷ್ಯರೂ ಹಾಗೆಯೇ ಮಾಡಿ ನಮಗೆ ಮೂರು ನೋಟಗಳನ್ನು ತೋರಿಸಿದರು.

ಮೊದಲನೆಯದು ಹಳೆಯ ಬಿಂದಿಗೆಯ ಚೂರು. ಅದರಲ್ಲಿ ಜರಿಗಿಡದ ಎಲೆಗಳಂತೆ ಕವಲು ಕವಲಾದ ಆಕೃತಿಗಳು ಹರಡಿದ್ದುವು. ಕರಗಿದ ಲೋಹ ಅಚ್ಚಿನಲ್ಲಿ ಆರುವಾಗ ಹೀಗೆ ಕೊಂಬೆ ಬಿಡುತ್ತ ಗಟ್ಟಿಯಾಗುವುದಂತೆ. ಇದು ಎರಕದ ಗುರುತು. ಎರಡನೆಯದು ನಾವು ಕೊಂಡ ಹೊಸ ಬಿಂದಿಗೆಯ ಚೂರು. ಇದರಲ್ಲಿ ಕೊಂಬೆಗಳಿಲ್ಲ, ಹರಳುಗಳು ಒಂದೇ ಕಡೆಗೆ ಎಳೆದಂತೆ ಉದ್ದವಾಗಿ ಚಪ್ಪಟೆಯಾಗಿದ್ದುವು, ಮೈಮೇಲೆಲ್ಲ ಒತ್ತೊತ್ತಾದ ಗೆರೆಗಳು. ಬಿರುಕು ಆ ಹರಳು ಹರಳಿನ ನಡುವಣ ಎಲ್ಲೆಯನ್ನೇ ಹಿಡಿದು, ಗದ್ದೆಯ ಬದುವಿನ ಮೇಲೆ ನಡೆಯುವವನಂತೆ ಹಾದುಹೋಗಿದ್ದಿತು. ಅನಂತರ ಅವರು ಅದೇ ಹೊಸ ಬಿಂದಿಗೆಯ ಇನ್ನೊಂದು ಚೂರನ್ನು ಒಲೆಯಲ್ಲಿ ಚೆನ್ನಾಗಿ ಕಾಯಿಸಿ ಆರಿಸಿ ತೋರಿಸಿದರು. ಆಶ್ಚರ್ಯವೇನೆಂದರೆ, ಜಗ್ಗಿದ ಹರಳುಗಳು ಮಾಯವಾಗಿ ಅವುಗಳ ಸ್ಥಳದಲ್ಲಿ ದುಂಡಗೆ ಸಮನಾದ ಹೊಸ ಹರಳುಗಳು ಹುಟ್ಟಿದ್ದುವು. ಲೋಹ ಕರಗಲಿಲ್ಲ, ಆಕಾರ ಕೆಡಲಿಲ್ಲ. ಒಳಗಿನ ಸಂಸಾರ ಮಾತ್ರ ಹೊಸದಾಯಿತು!

ಇದರ ಅರ್ಥವನ್ನು ಅವರು ಹೀಗೆ ತಿಳಿಸಿದರು. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಅದರ ತಗಡನ್ನು ತಣ್ಣಗಿರುವಾಗಲೇ ಬಡಿದರೆ ಅಥವಾ ಯಂತ್ರದ ಮೇಲೆ ತಿರುಗಿಸಿ ಒತ್ತಿ ಬಿಂದಿಗೆಯ ಆಕಾರಕ್ಕೆ ತಂದರೆ ಹರಳುಗಳು ಜಗ್ಗಿ, ಲೋಹ ಗಡುಸಾಗುವುದು. ಗಡುಸಾದುದು ಗುಣವೇ; ತೆಳುವಾದರೂ ಪಾತ್ರೆ ನಿಲ್ಲುವುದು. ಆದರೆ ಜಗ್ಗಿದ ಒಳಮೈಯಲ್ಲಿ ಬಿಗಿ ಉಳಿಯುವುದು, ಎಳೆದು ಕಟ್ಟಿದ ಹಗ್ಗದಂತೆ. ಬಲ್ಲ ಕುಶಲಕರ್ಮಿ ನಡುನಡುವೆ ಕಾಯಿಸಿ ಮೆದುಮಾಡುವನು. ಆಕಾರವೆಲ್ಲ ಮುಗಿದ ಮೇಲೂ ಸುಮಾರು 275 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಒಂದು ಗಂಟೆ ಇಟ್ಟರೆ, ಗಡಸುತನ ಬಹುಮಟ್ಟಿಗೆ ಉಳಿದು ಬಿಗಿ ಮಾತ್ರ ಸಡಿಲವಾಗುವುದು. ಆ ಒಂದು ಗಂಟೆಯ ಕಾವು ತಪ್ಪಿದ ಬಿಂದಿಗೆ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಕಾದುಕೊಂಡಿರುವುದು.

ಏತಕ್ಕಾಗಿ ಕಾದಿರುವುದು? ಅಮೋನಿಯಕ್ಕಾಗಿ. ಗಂಜಲ ಕೊಳೆತಾಗ ಮೂಗಿಗೆ ಘಾಟು ಹೊಡೆಯುವ ಆವಿ ಅದೇ. ಬಿಗಿಯಿರುವ ಹಿತ್ತಾಳೆಗೆ ತೇವದೊಡನೆ ಈ ಆವಿ ತಗುಲಿದರೆ ಅದು ಹರಳುಗಳ ಎಲ್ಲೆಯನ್ನು ಕೊರೆಯುತ್ತ ಹೋಗುವುದು. ಒಳಗಿನ ಬಿಗಿ ಆ ಕೊರೆತವನ್ನು ಜಗ್ಗಿ ಅಗಲಿಸುವುದು. ಎರಡೂ ಕೂಡಿದರೆ ಪಾತ್ರೆ ತನ್ನಷ್ಟಕ್ಕೆ ತಾನೇ ಬಿರಿಯುವುದು, ಯಾರೂ ಮುಟ್ಟಬೇಕಾದುದಿಲ್ಲ. ಈ ರೋಗ ಪ್ರಸಿದ್ಧವಾದುದು ನಮ್ಮ ದೇಶದಿಂದಲೇ ಎಂಬುದನ್ನು ಕೇಳಿ ನಾವು ಬೆರಗಾದೆವು. ಆಂಗ್ಲರ ಆಳ್ವಿಕೆಯಲ್ಲಿ ಸೈನ್ಯದವರು ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆಯುವುದರೊಳಗಾಗಿ ಅವು ಬಿರಿಯುತ್ತಿದ್ದುವು. ಮಳೆಯ ಋತುವಿನಲ್ಲಿ ಬರುವುದೆಂದು ಅದಕ್ಕೆ ‘ಋತುವಿನ ಬಿರುಕು’ ಎಂಬರ್ಥದ ಹೆಸರೇ ನಿಂತಿತು. ಲಾಯದ ಅಮೋನಿಯವೂ ತೋಟಾದೊಳಗಿನ ಬಿಗಿಯೂ ಕೂಡಿ ಮಾಡಿದ ಕೆಲಸವಿದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ವಿದ್ವಾಂಸರು ವಿವರಿಸಿದರು. ಅರಕಲಗೂಡಿನ ಆಷಾಢದ ಮಳೆ, ಕೊಟ್ಟಿಗೆಯ ಮೇಲಣ ಅಟ್ಟ, ನಮ್ಮ ಬಿಂದಿಗೆ: ಇವುಗಳನ್ನು ಜೊತೆಗಿಟ್ಟು ನೋಡಿದಾಗ ನಮಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ.

ಚರಕಾಚಾರ್ಯರು ಸಂಸ್ಕಾರವೆಂಬುದಕ್ಕೆ, ವಸ್ತುವಿನಲ್ಲಿ ಬೇರೊಂದು ಗುಣವನ್ನು ಉಂಟುಮಾಡುವುದೆಂದು ಅರ್ಥ ಹೇಳಿರುವರು. ಅವರು ಹೇಳಿದುದು ಅನ್ನೌಷಧಗಳ ವಿಷಯದಲ್ಲಿ. ಲೋಹಗಳಿಗೂ ಅದು ಎಷ್ಟು ಸಲ್ಲುವುದೆಂಬುದನ್ನು ನಮ್ಮ ಶಿಷ್ಯರು ಇನ್ನೆರಡು ದೃಷ್ಟಾಂತಗಳಿಂದ ತೋರಿಸಿದರು. ಎರಡೂ ಗೃಹಸ್ಥರಿಗೆ ಬೇಕಾದುವೇ.

ಒಂದು, ಕಂಚು. ರಸರತ್ನಸಮುಚ್ಚಯವೆಂಬ ಗ್ರಂಥ ಎಂಟು ಪಾಲು ತಾಮ್ರಕ್ಕೆ ಎರಡು ಪಾಲು ತವರ ಕರಗಿಸಿದರೆ ಕಂಚಾಗುವುದೆಂದು ಹೇಳುವುದು. ಇಷ್ಟು ತವರ ಬೆರೆತ ಕಂಚನ್ನು ಎರಕಹೊಯ್ದು ನಿಧಾನವಾಗಿ ಆರಗೊಟ್ಟರೆ ಅದರೊಳಗೆ ಬಹು ಗಡುಸಾದ ಒಂದು ಅಂಶ ಹುಟ್ಟಿ, ಲೋಹ ಪೆಟ್ಟಿಗೆ ಸಿಡಿಯುವಂತಾಗುವುದು. ಅದೇ ಕಂಚನ್ನು ಕೆಂಪಗೆ ಕಾದಿರುವಾಗ ಬಡಿದು ತಟ್ಟೆ ಮಾಡಿ, ಕಾವಿನಲ್ಲಿಯೇ ಥಟ್ಟನೆ ನೀರಿಗೆ ಅದ್ದಿದರೆ ಆ ಅಂಶ ಹುಟ್ಟುವುದಕ್ಕೆ ಸಮಯವೇ ದೊರೆಯದು. ಒಳಗೆ ಸೂಜಿಗಳಂತಹ ನವುರಾದ ರಚನೆ ನಿಂತು ತಟ್ಟೆ ತೆಳುವಾದರೂ ಗಟ್ಟಿಯಾಗಿ, ಇಂಪಾದ ನಾದವುಳ್ಳದ್ದಾಗುವುದು. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಸಿಡುಕಾಗುವುದನ್ನು ಬಲ್ಲವರಿಗೆ ಇದು ತಿರುಗುಮುರುಗಾಗಿ ತೋರಬಹುದು. ಕೇರಳದ ಕಂಚುಗಾರರ ಈ ಕಸಬನ್ನು ಶಾರದಾ ಶ್ರೀನಿವಾಸನ್ ಮತ್ತು ಇಯಾನ್ ಗ್ಲೋವರ್ ಎಂಬ ವಿದ್ವಾಂಸರು ಪರಿಶೀಲಿಸಿ 1995ರಲ್ಲಿ ಬರೆದಿರುವರು. ಪಾಲುಗಳ ಲೆಕ್ಕವನ್ನು ಗ್ರಂಥ ಹೇಳೀತು; ನೀರಿಗೆ ಅದ್ದುವ ಕ್ಷಣವನ್ನು ಕೈ ಬಲ್ಲುದು.

ಎರಡು, ನಲ್ಲಿ. ಶಿಷ್ಯರ ಮೇಜಿನ ಮೇಲೆ ಒಂದು ಹಿತ್ತಾಳೆಯ ನಲ್ಲಿ ಇದ್ದಿತು. ಹೊರಗೆ ಹಳದಿ, ಕೊಯ್ದ ಕಡೆಯಲ್ಲಿ ನಸುಗೆಂಪು, ಸ್ಪಂಜಿನಂತೆ ತೂತು ತೂತು. ನೀರಿನಲ್ಲಿ ಉಪ್ಪಿನಂಶ ಹೆಚ್ಚಾದಲ್ಲಿ ಸತುವು ಮೆಲ್ಲಗೆ ಕರಗಿಹೋಗಿ ಸತ್ತ್ವವಿಲ್ಲದ ತಾಮ್ರ ಉಳಿಯುವುದೇ ಈ ರೋಗ. ಮೇಲೆ ಹೇಳಿದ ಗ್ರಂಥದಲ್ಲಿಯೇ, ಕಾಯಿಸಿ ಹುಳಿಗಂಜಿಯಲ್ಲಿ ಹಾಕಿದಾಗ ತಾಮ್ರದ ಬಣ್ಣ ತಾಳುವ ಹಿತ್ತಾಳೆಗೆ ‘ರೀತಿಕಾ’ ಎಂದೂ, ಕಪ್ಪಾಗುವುದಕ್ಕೆ ‘ಕಾಕತುಂಡೀ’ ಎಂದೂ ಹೆಸರುಗಳಿರುವುದನ್ನು ನಾವು ನೆನೆದೆವು. ಸತುವನ್ನು ಕಳೆದುಕೊಂಡ ಹಿತ್ತಾಳೆ ಕೆಂಪಾಗುವುದನ್ನು ಆ ಕಾಲದವರು ಕಣ್ಣಾರೆ ಕಂಡಿದ್ದರೆಂದು ನಮ್ಮ ಊಹೆ.

ಸತುವು ನೂರಕ್ಕೆ ಮೂವತ್ತೈದರಷ್ಟಿರುವವರೆಗೆ ಹಿತ್ತಾಳೆಯ ಹರಳುಗಳೆಲ್ಲ ಒಂದೇ ಜಾತಿಯವು. ಅದಕ್ಕೆ ಮೀರಿದರೆ ಸತುವು ಹೆಚ್ಚಾಗಿರುವ ಎರಡನೆಯ ಜಾತಿ ಹುಟ್ಟುವುದು. ರೋಗ ಮೊದಲು ಹಿಡಿಯುವುದು ಇದನ್ನೇ. ನೂರು ಪಾಲಿನಲ್ಲಿ ಒಂದು ಪಾಲಿನ ಹತ್ತನೆಯ ಒಂದಂಶಕ್ಕೂ ಕಡಮೆಯಾದ ಆರ್ಸೆನಿಕ್ಕನ್ನು ಬೆರಸಿದರೆ ಮೊದಲನೆಯ ಜಾತಿಗೆ ರಕ್ಷೆಯಾಗುವುದು, ಎರಡನೆಯದಕ್ಕೆ ಆಗದು. ಆದುದರಿಂದ ಒಳ್ಳೆಯ ನಲ್ಲಿಗಳನ್ನು ಮಾಡುವವರು ಆಕಾರ ಕೊಟ್ಟ ಮೇಲೆ ಐನೂರು ಡಿಗ್ರಿಗೆ ಕೊಂಚ ಮೇಲೆ ಕೆಲವು ಗಂಟೆ ಕಾಯಿಸುವರು. ಆಗ ಎರಡನೆಯ ಜಾತಿ ಕುಗ್ಗಿ, ನೀರಿನ ನಡುವಣ ನಡುಗಡ್ಡೆಗಳಂತೆ ಒಂದಕ್ಕೊಂದು ತಾಗದೆ ಚದರಿ ನಿಲ್ಲುವುದು. ರೋಗಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿಯಿರದು. ಮಿಶ್ರಣವೊಂದೇ ಆದರೂ ಕಾವು ಕಂಡ ನಲ್ಲಿ ಬಾಳುವುದು, ಕಾಣದ ನಲ್ಲಿ ಬೇಗ ಸೋರುವುದು.

ಇಷ್ಟನ್ನು ತಿಳಿದುಕೊಂಡು ನಾವು ಮತ್ತೆ ಅರಕಲಗೂಡಿಗೆ ಹೋದೆವು. ಬೀಗಿತ್ತಿಯವರ ಪ್ರಶ್ನೆಗೆ ಈಗ ಉತ್ತರವಿದ್ದಿತು. ಬಿ. ಎಲ್. ರೈಸ್ ಅವರು 1897ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿ, ತಾಮ್ರ ಹಿತ್ತಾಳೆಗಳ ನೀರಿನ ಪಾತ್ರೆಗಳನ್ನು ಮಾಡುವ ಕಸಬು ಹೆಚ್ಚಾಗಿ ಜೈನರಾದ ಬೋಗಾರರ ಕೈಯಲ್ಲಿರುವುದೆಂದೂ, ಅವರ ಮುಖ್ಯ ನೆಲೆಗಳಲ್ಲಿ ಶ್ರವಣಬೆಳಗೊಳ ಒಂದೆಂದೂ ಹೇಳಿದೆ. ಪಾತ್ರೆ ಮಾಡುವ ಬಗೆ ಎರಡು, ಬಡಿಯುವುದು ಮತ್ತು ಎರಕ ಹೊಯ್ಯುವುದು. ತಾಮ್ರವನ್ನು ಹೆಚ್ಚಾಗಿ ಬಡಿಯುವರು, ಹಿತ್ತಾಳೆಯನ್ನು ಹೆಚ್ಚಾಗಿ ಎರಕಹೊಯ್ಯುವರು ಎಂದೂ ಅಲ್ಲಿದೆ. ಶ್ರವಣಬೆಳಗೊಳವಿರುವ ಚನ್ನರಾಯಪಟ್ಟಣದ ತಾಲ್ಲೂಕಿನಲ್ಲಿ ಬಹುಕಾಲ ಪಾಠ ಹೇಳಿದ ನಾವು ಆ ಸಾಲುಗಳನ್ನು ಓದಿದ್ದೆವು; ಅರ್ಥ ಮಾತ್ರ ಆಗಿರಲಿಲ್ಲ. ಬಡಿದರೂ ತಾಮ್ರಕ್ಕೆ ಅಮೋನಿಯದ ಈ ಬಿರುಕು ಬಾಧಿಸುವುದು ಬಲು ಅಪರೂಪ. ಹಿತ್ತಾಳೆಗೆ ಬಾಧಿಸುವುದು, ಆದರೆ ಎರಕದ ಹಿತ್ತಾಳೆಯಲ್ಲಿ ತಣ್ಣಗೆ ಬಡಿದ ಬಿಗಿಯೇ ಇಲ್ಲ. ಹೀಗೆ ಹಿಂದಿನವರ ಪದ್ಧತಿ ಎರಡು ಕಡೆಯಿಂದಲೂ ಕ್ಷೇಮವಾದುದು.

“ಅಮ್ಮಾ, ನಿಮ್ಮ ನಲವತ್ತು ವರ್ಷದ ಮಾತು ನಿಜ. ನಿಮ್ಮತ್ತೆಯವರ ಬಿಂದಿಗೆ ಎರಕದ್ದು. ನಾವು ತಂದದ್ದು ತಗಡನ್ನು ಒತ್ತಿದ್ದು. ಹೆಸರು ಒಂದೇ, ಹುಟ್ಟು ಬೇರೆ” ಎಂದೆವು. ಸೂಕ್ಷ್ಮದರ್ಶಕದ ಚಿತ್ರಗಳನ್ನು ಮುಂದಿಟ್ಟೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಹಾಗಾದರೆ ಗಂಜಲದ ಮೇಲೆ ದೋಷ ಹೊರಿಸುತ್ತೀರಾ?” ಎಂದರು.

“ಗಂಜಲದ್ದೇನೂ ದೋಷವಿಲ್ಲ. ಹೊಳಪು ನೋಡಿ ಬಿಂದಿಗೆ ಆರಿಸಿದವರದು ದೋಷ. ಅಂದರೆ ನಮ್ಮದು. ಹುಡುಗಿಯದಂತೂ ಅಲ್ಲ.”

ಅವರು ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋಗಿ, ಅಟ್ಟದಿಂದ ಹಳೆಯ ಎರಕದ ಬಿಂದಿಗೆಯನ್ನು ತಾವೇ ಇಳಿಸಿ, ಹುಣಸೆಹಣ್ಣಿನಿಂದ ಬೆಳಗಿ ತೊಳೆದು, ಸೊಸೆಯನ್ನು ಕರೆದು, “ನಾಳೆಯಿಂದ ಮಡಿನೀರಿಗೆ ಇದನ್ನೇ ತೆಗೆದುಕೋ” ಎಂದರು. ಅತ್ತೆಯಿಂದ ಅತ್ತೆಗೆ ಬಂದ ಪಾತ್ರೆ ಅದು. ಹುಡುಗಿ ನಮ್ಮ ಕಡೆಗೆ ನೋಡಿದಳು. ನಾವು ಬೇರೆ ಕಡೆ ನೋಡಿದೆವು.

ಇನ್ನು ಗೃಹಸ್ಥರಿಗೆ ನಮ್ಮ ಅನುಭವದಿಂದ ಬಂದ ನಾಲ್ಕು ಮಾತು. ತೆಳುವಾದ ಒತ್ತಿದ ಹಿತ್ತಾಳೆಯ ಪಾತ್ರೆಯನ್ನು ಕೊಟ್ಟಿಗೆಯ ಬಳಿಯಲ್ಲಾಗಲಿ ಬಚ್ಚಲಿನ ಬಳಿಯಲ್ಲಾಗಲಿ ಬಹುದಿನ ಇಡಬಾರದು. ಈಗ ಅಟ್ಟಗಳಲ್ಲಿ ಯೂರಿಯಾ ಗೊಬ್ಬರದ ಚೀಲಗಳನ್ನು ಪೇರಿಸುವ ವಾಡಿಕೆಯಿದೆ. ತೇವದಲ್ಲಿ ಅದೂ ಕಾಲಕ್ರಮದಲ್ಲಿ ಅಮೋನಿಯವನ್ನು ಬಿಡುವುದಾದುದರಿಂದ ಅದರ ನೆರೆಯೂ ಬೇಡ. ಗಾಜು ಒರಸುವ ಕೆಲವು ದ್ರವಗಳಲ್ಲಿ ಅಮೋನಿಯವಿರುವುದರಿಂದ ಅವುಗಳಿಂದ ಹಿತ್ತಾಳೆಯನ್ನು ಉಜ್ಜಬಾರದು. ಹುಣಸೆಹಣ್ಣು ಸಾಕು, ಆದರೆ ಹುಳಿಯನ್ನು ರಾತ್ರಿಯೆಲ್ಲ ಮೆತ್ತಿಡದೆ ಒಡನೆಯೇ ತೊಳೆದು ಒರಸಿಡಬೇಕು. ಹುಳಿ, ಸಾರು, ಮಜ್ಜಿಗೆಗಳನ್ನು ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಇಡಲೇಬಾರದೆಂಬುದು ಎಲ್ಲರೂ ಬಲ್ಲ ವಿಷಯ. ಬಡಿದು ಮಾಡಿದ ಕಂಚಿನ ತಟ್ಟೆಯನ್ನು ಒಲೆಯ ಉರಿಯ ಮೇಲೆ ಇಡಬಾರದು. ಮತ್ತೆ ಕಾದು ನಿಧಾನವಾಗಿ ಆರಿದರೆ ನೀರಿಗೆ ಅದ್ದಿ ಪಡೆದ ಗುಣ ಹೋಗಿ ಸಿಡುಕಾದೀತು. ನಲ್ಲಿಯ ಹಳದಿ ಮೈಯಲ್ಲಿ ನಸುಗೆಂಪು ಕಲೆ ಕಂಡರೆ ಅದು ಸೋರುವುದಕ್ಕೆ ಮೊದಲೇ ಬದಲಾಯಿಸುವುದು ಲಾಭ.

ಕೊಳ್ಳುವಾಗ ಅಂಗಡಿಯವನನ್ನು, “ಇದು ಎರಕದ್ದೋ ಒತ್ತಿದ್ದೋ? ಒತ್ತಿದ ಮೇಲೆ ಕಾಯಿಸಿದ್ದಾರೆಯೋ?” ಎಂದು ಕೇಳಿರಿ. ಅವನಿಗೆ ತಿಳಿಯದಿದ್ದರೆ ದಪ್ಪನಾದುದನ್ನೇ ಆರಿಸಿರಿ. ಹೊಳಪನ್ನು ಹುಣಸೆಹಣ್ಣು ಕೊಡುವುದು.

ಬಿರಿದ ಬಿಂದಿಗೆ ಈಗ ನಮ್ಮ ಮನೆಯಲ್ಲಿದೆ. ಗುಜರಿಯವನು ಎರಡು ಸಲ ಕೇಳಿದನು, ಕೊಡಲಿಲ್ಲ. ಮನೆಯಲ್ಲಿ ಏನಾದರೂ ಒಡೆದು, “ಯಾರು ಮಾಡಿದರು?” ಎಂಬ ಮಾತು ನಮ್ಮ ಬಾಯಿಗೆ ಬರುವಾಗ ಅದರ ಕಡೆಗೊಮ್ಮೆ ನೋಡುತ್ತೇವೆ.